ಹನ್ನೊಂದು ವರ್ಷದ ಮಗನ ವಿಡಿಯೊ ಗೇಮ್: ಕಿತ್ತುಕೊಳ್ಳಲೇ, ಬಿಡಲೇ?

ಪ್ರಶ್ನೆ | ಹನ್ನೊಂದರ ಹುಡುಗನ ಅಮ್ಮ

ಕಳೆದ ಬುಧವಾರ ರಾತ್ರಿ ಒಂಬತ್ತೂಕಾಲಕ್ಕೆ ನಾನು ಮನೆಯ ರೌಟರ್‌ನ ಪ್ಲಗ್ ಕಿತ್ತೆ. ಅದಕ್ಕೆ ಮೊದಲು ಮೂರು ಸಲ ಮಗನನ್ನು ಕರೆದಿದ್ದೆ. ಮೂರು ಸಲವೂ "ಇನ್ನೈದೇ ನಿಮಿಷ ಅಮ್ಮಾ" ಎಂಬ ಉತ್ತರ ಬಂದಿತ್ತು. ನಾಲ್ಕನೆಯ ಸಲ ಕರೆಯುವಷ್ಟು ತಾಳ್ಮೆ ಉಳಿದಿರಲಿಲ್ಲ. ಪ್ಲಗ್ ಕಿತ್ತ ಮರುಕ್ಷಣವೇ ಕೋಣೆಯಲ್ಲಿ ಏನೋ ಗೋಡೆಗೆ ಬಡಿದ ಸದ್ದಾಯಿತು. ಓಡಿಹೋಗಿ ನೋಡಿದರೆ ಹೆಡ್‌ಸೆಟ್ ನೆಲದ ಮೇಲೆ ಬಿದ್ದಿತ್ತು, ಪಕ್ಕದಲ್ಲಿ ಕುಳಿತು ಹುಡುಗ ಬಿಕ್ಕುತ್ತಿದ್ದ. ಬೈಯಬೇಕೆಂದು ಹೋದವಳಿಗೆ ಬಾಯಿ ಬರಲಿಲ್ಲ. "ನಾನು ಅವರನ್ನು ನಡುವೆಯೇ ಬಿಟ್ಟು ಓಡಿಹೋದೆ ಅಂದುಕೊಳ್ಳುತ್ತಾರೆ" ಎಂದ. ಯಾರು ಎಂದು ಕೇಳಿದೆ. ತಂಡದಲ್ಲಿ ಅವನ ಜೊತೆ ಇನ್ನೂ ಮೂವರಿದ್ದರಂತೆ. ಮೂವರೂ ಅವನ ತರಗತಿಯವರೇ.

ಹೆಡ್‌ಸೆಟ್ ಎಸೆದದ್ದು ತಪ್ಪು ಎಂದು ಮರುದಿನ ಅವನೇ ಬಂದು ಒಪ್ಪಿಕೊಂಡ. ಆದರೆ ನನಗೆ ಭಯವಾಗಿರುವುದು ಎಸೆದದ್ದಕ್ಕಲ್ಲ. ಅಷ್ಟು ದುಃಖ, ಅಷ್ಟು ಸಿಟ್ಟು ಈ ಪುಟ್ಟ ಹುಡುಗನೊಳಗೆ ಎಲ್ಲಿಂದ ಬಂತು ಎಂಬುದಕ್ಕೆ. ಕಳೆದ ಆರು ತಿಂಗಳಿಂದ ಬೆಳಿಗ್ಗೆ ಏಳುವುದು ಕಷ್ಟವಾಗಿದೆ. ಮೊದಲು ದಿನಕ್ಕೊಂದು ಚಿತ್ರ ಬಿಡಿಸುತ್ತಿದ್ದ. ಬಣ್ಣದ ಪೆಟ್ಟಿಗೆಯ ಮೇಲೆ ಈಗ ಧೂಳು ಕೂತಿದೆ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಮಗನಿಗೆ ಅನ್ಯಾಯ ಮಾಡಿದಂತಾಗುತ್ತದೆ. ಅವನು ಆಡುವುದು ಎರಡು ಆಟ. ಒಂದು, ಬುಧವಾರದ ಆ ಗುಂಡು ಹಾರಿಸುವ ಆಟ. ನೂರು ಜನ ಒಂದು ದ್ವೀಪದಲ್ಲಿ ಇಳಿಯುತ್ತಾರೆ, ಕೊನೆಗೆ ಉಳಿದವರು ಗೆದ್ದಂತೆ. ಇನ್ನೊಂದು ಮೈನ್‌ಕ್ರಾಫ್ಟ್, ಚೌಕ ಚೌಕದ ಕಲ್ಲು, ಮಣ್ಣು ಜೋಡಿಸಿ ಬೇಕಾದದ್ದನ್ನು ಕಟ್ಟುವ ಆಟ. ಕಳೆದ ತಿಂಗಳು ಒಂದು ಸಂಜೆ ಕೈಹಿಡಿದು ಎಳೆದುಕೊಂಡು ಹೋಗಿ ಅದರಲ್ಲಿ ತಾನು ಕಟ್ಟಿದ ಬಾಗಿಲನ್ನು ತೋರಿಸಿದ. ಕಲ್ಲಿನ ಗೋಡೆ, ಅದರ ಮುಂದೆ ನೆಲದಲ್ಲಿ ಒಂದು ಹಲಗೆ. ಹಲಗೆಯನ್ನು ಮೆಟ್ಟಿದರೆ ಗೋಡೆಯ ನಾಲ್ಕು ಕಲ್ಲುಗಳು ಎರಡು ಬದಿಗೆ ಸರಿದು ದಾರಿ ಬಿಡುತ್ತವೆ. "ಇಲ್ಲಿ ನೋಡಮ್ಮಾ, ಕಲ್ಲುಗಳನ್ನು ಹಿಡಿದು ತಳ್ಳುವ ಈ ಪಿಸ್ಟನ್‌ಗೆ ಕರೆಂಟ್ ಇದ್ದರೆ ಬಾಗಿಲು ಮುಚ್ಚಿರುತ್ತದೆ. ನನಗೆ ಬೇಕಾದದ್ದು ಉಲ್ಟಾ. ಮೆಟ್ಟಿದಾಗ ಕರೆಂಟ್ ಹೋಗಬೇಕು. ಅದಕ್ಕೇ ಮಧ್ಯೆ ಈ ಟಾರ್ಚ್ ಇಟ್ಟೆ. ಇದು ಹೌದು ಎಂದದ್ದನ್ನು ಇಲ್ಲ ಮಾಡುತ್ತದೆ" ಎಂದ. ರೆಡ್‌ಸ್ಟೋನ್ ಎಂಬ ಕೆಂಪು ಪುಡಿಯ ಗೆರೆಯಲ್ಲಿ ಕರೆಂಟ್ ಹದಿನೈದು ಚೌಕದವರೆಗೆ ಮಾತ್ರ ಹೋಗುತ್ತದಂತೆ. ಒಂದೊಂದು ಚೌಕಕ್ಕೂ ಒಂದೊಂದು ಅಂಶ ಬಲ ಕಡಿಮೆಯಾಗುತ್ತದೆ, ಅದಕ್ಕಿಂತ ದೂರ ಸಾಗಿಸಬೇಕಾದರೆ ನಡುವೆ ರಿಪೀಟರ್ ಬೇಕು. ಇದನ್ನೆಲ್ಲ ಹೇಳುವಾಗ ಅವನ ಬೆರಳು ಪರದೆಯ ಮೇಲೆ ಆ ಕೆಂಪು ಗೆರೆಯನ್ನು ಹಿಡಿದು ಹೋಗುತ್ತಿತ್ತು. ಗಣಿತದ ಪುಸ್ತಕ ತೆರೆದರೆ ಆಕಳಿಸುವ ಹುಡುಗ ಇವನೇ ಏನು ಎನ್ನಿಸಿತು.

ಆ ಬಾಗಿಲಿನಲ್ಲಿ ಒಂದು ತೊಂದರೆ ಉಳಿದಿದೆ. ಹಲಗೆಯಿಂದ ಕಾಲು ತೆಗೆದು ಒಳಗೆ ನುಗ್ಗುವಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ. ಅವನು ಓಡಿ ನುಸುಳುತ್ತಾನೆ. ನನ್ನ ಕೈಗೆ ಕೊಟ್ಟಾಗ ಐದು ಸಲವೂ ಗೋಡೆಗೆ ಹಣೆ ಚಚ್ಚಿಕೊಂಡೆ.

ಯಜಮಾನರು ಎಲ್ಲವನ್ನೂ ಕಿತ್ತಿಡು ಎನ್ನುತ್ತಾರೆ. ನನ್ನ ತಮ್ಮ, ಕಾಲವೇ ಹೀಗಿದೆ, ಬಿಡು ಅಕ್ಕ ಎನ್ನುತ್ತಾನೆ. ಎರಡು ಮಾತೂ ನನ್ನ ಮಗನನ್ನು ನೋಡಿ ಆಡಿದ ಮಾತಲ್ಲ ಎಂದು ನನಗೆ ಅನಿಸುತ್ತದೆ. ಈ ದಾರಿಯಲ್ಲಿ ನಡೆದು ಬಂದವರು ಯಾರಾದರೂ ಇದ್ದರೆ ಹೇಳಿ. ಎಷ್ಟು ಹೊತ್ತು ಸರಿ, ಯಾವುದು ಸರಿ, ಯಾವಾಗ ನಿಜವಾಗಿಯೂ ಹೆದರಬೇಕು?

ಉತ್ತರ 1 | ಹದಿಮೂರರ ಮಗಳ ಅಪ್ಪ

ನಾನು ಕಿತ್ತಿಟ್ಟವನು. ಪಶ್ಚಾತ್ತಾಪ ಇಲ್ಲ.

ಮಗಳು ಓದಿನಲ್ಲಿ ಹಿಂದೆ ಬೀಳುತ್ತಿದ್ದಾಳೆ ಎಂದು ಶಾಲೆಯಿಂದ ಕರೆ ಬಂದಾಗಲೂ ನನಗೆ ಕಾರಣ ಹೊಳೆದಿರಲಿಲ್ಲ. ಒಂದು ರಾತ್ರಿ ನೀರು ಕುಡಿಯಲು ಎದ್ದಾಗ ಅವಳ ಹೊದಿಕೆಯೊಳಗೆ ನೀಲಿ ಬೆಳಕು ಕಂಡಿತು. ಗಂಟೆ ಎರಡೂವರೆ. ಹೊದಿಕೆ ಸರಿಸಿದೆ. ಅವಳು ನನ್ನನ್ನು ನೋಡಲೇ ಇಲ್ಲ, ಪರದೆಯನ್ನೇ ನೋಡುತ್ತ "ಒಂದು ನಿಮಿಷ" ಎಂದಳು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದರೆ ಅವಳಿಗೇ ಲೆಕ್ಕವಿರಲಿಲ್ಲ. ಮರುದಿನವೇ ಮೊಬೈಲ್ ಕಪಾಟಿಗೆ ಹೋಯಿತು. ಮೊದಲ ಎರಡು ವಾರ ಮನೆ ರಣರಂಗವಾಗಿತ್ತು. ಮೂರನೆಯ ವಾರ ಅವಳು ಎಂಟೂವರೆಗೇ ಮಲಗಿ ಬೆಳಿಗ್ಗೆ ತಾನಾಗಿಯೇ ಎದ್ದಳು. ಆ ಬೆಳಿಗ್ಗೆ ಅವಳ ಮುಖದಲ್ಲಿದ್ದ ಕಳೆಯನ್ನು ನಾನು ತಿಂಗಳುಗಟ್ಟಲೆ ಕಂಡಿರಲಿಲ್ಲ.

ಚೀನಾ 2021ರಲ್ಲಿ ಹದಿನೆಂಟರೊಳಗಿನವರಿಗೆ ಆನ್‌ಲೈನ್ ಆಟವನ್ನು ಶುಕ್ರವಾರ, ಶನಿವಾರ, ಭಾನುವಾರ ಮತ್ತು ಸಾರ್ವಜನಿಕ ರಜಾದಿನಗಳಲ್ಲಿ ರಾತ್ರಿ ಎಂಟರಿಂದ ಒಂಬತ್ತರವರೆಗೆ ಮಾತ್ರ ಎಂದು ಕಟ್ಟು ಮಾಡಿತು. ಒಂದು ಸರ್ಕಾರವೇ ಹಾಗೆ ಮಾಡಬೇಕಾಗಿ ಬಂದಿದೆ ಎಂದರೆ ಅಪ್ಪ ಅಮ್ಮ ಅಂಜುವುದೇಕೆ? ನಿಮ್ಮ ಯಜಮಾನರ ಮಾತು ಕೇಳಿ.

ಉತ್ತರ 2 | ಹಿಂದೆ ಗೇಮ್ ಕಂಪನಿಯಲ್ಲಿದ್ದವನು

ನಮಸ್ಕಾರ ಮೇಡಂ. ಆರು ವರ್ಷ ಮೊಬೈಲ್ ಗೇಮ್‌ಗಳ ವಿನ್ಯಾಸ ಮಾಡಿದ್ದೇನೆ. ಕಂಪನಿಯ ಹೆಸರು ಬೇಡ. ನಾನು ಮಾಡಿದ ಕೆಲಸವನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ನಿಮ್ಮ ಮಗ ಬಿಕ್ಕಿದ್ದರಲ್ಲಿ ನನ್ನಂಥವರ ಪಾಲೂ ಇದೆ.

ನಮ್ಮ ಸಭೆಗಳಲ್ಲಿ "ಆಟ ಚೆನ್ನಾಗಿದೆಯೇ" ಎಂಬ ಪ್ರಶ್ನೆ ಅಪರೂಪಕ್ಕೆ ಬರುತ್ತಿತ್ತು. ದಿನವೂ ಬರುತ್ತಿದ್ದ ಪ್ರಶ್ನೆಗಳೇ ಬೇರೆ. ನಿನ್ನೆ ಆಡಿದವರಲ್ಲಿ ಎಷ್ಟು ಜನ ಇಂದು ಮರಳಿದರು? ಏಳನೆಯ ದಿನ ಎಷ್ಟು ಜನ ಉಳಿದರು? ಆ ಸಂಖ್ಯೆಯನ್ನು ಏರಿಸಲು ನಮ್ಮ ಕೈಯಲ್ಲಿ ಕೆಲವು ಸಾಮಾನುಗಳಿದ್ದವು. ದಿನವೂ ಬಂದರೆ ಉಡುಗೊರೆ, ಏಳು ದಿನ ಬಿಡದೆ ಬಂದರೆ ದೊಡ್ಡ ಉಡುಗೊರೆ, ಒಂದು ದಿನ ತಪ್ಪಿದರೆ ಲೆಕ್ಕ ಮತ್ತೆ ಒಂದರಿಂದ. ಆರನೆಯ ದಿನ ಜ್ವರ ಬಂದ ಮಗು ಮೊಬೈಲ್ ಬೇಕೆಂದು ಹಟ ಹಿಡಿದರೆ ಅದು ಮಗುವಿನ ಚಟ ಎಂದು ಹೇಳುತ್ತೀರಿ. ಆ ಹಟವನ್ನು ನಾವು ಮೇಜಿನ ಮುಂದೆ ಕೂತು ಲೆಕ್ಕ ಹಾಕಿ ತಯಾರಿಸಿದ್ದೆವು.

ಇನ್ನೊಂದು ಸಾಮಾನು, ಪೆಟ್ಟಿಗೆ. ಒಳಗೆ ಏನಿದೆಯೆಂದು ತೆರೆಯುವವರೆಗೆ ಗೊತ್ತಿಲ್ಲ. ಲೂಟ್ ಬಾಕ್ಸ್ ಎನ್ನುತ್ತಾರೆ. ಬಿ. ಎಫ್. ಸ್ಕಿನ್ನರ್ ಎಂಬ ಮನೋವಿಜ್ಞಾನಿ ಇಲಿ, ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗಗಳು ಇದರ ಬುಡದಲ್ಲಿವೆ. ಇಂತಿಷ್ಟು ಸಲ ಕುಕ್ಕಿದರೆ ಕಾಳು ಖಚಿತ ಎಂದಿದ್ದರೆ ಪಾರಿವಾಳ ಕಾಳು ತಿಂದು ಸ್ವಲ್ಪ ಸುಧಾರಿಸಿಕೊಳ್ಳುತ್ತದೆ. ಯಾವ ಕುಕ್ಕಿಗೆ ಕಾಳು ಬರುತ್ತದೋ ಗೊತ್ತಿಲ್ಲದಿದ್ದರೆ ಬಿಡುವಿಲ್ಲದೆ ಕುಕ್ಕುತ್ತಲೇ ಇರುತ್ತದೆ. ಜೂಜಿನ ಯಂತ್ರ ನಡೆಯುವುದೂ ಇದೇ ಸೂತ್ರದ ಮೇಲೆ. ಬೆಲ್ಜಿಯಂ 2018ರಲ್ಲಿ, ದುಡ್ಡು ಕೊಟ್ಟು ತೆರೆಯುವ ಇಂಥ ಪೆಟ್ಟಿಗೆಗಳು ತನ್ನ ಜೂಜಿನ ಕಾನೂನಿಗೆ ವಿರುದ್ಧ ಎಂದು ಹೇಳಿತು. ನಾನು ಕೆಲಸ ಮಾಡುತ್ತಿದ್ದ ಆಟದಲ್ಲಿ ಪೆಟ್ಟಿಗೆ ತೆರೆಯುವ ಮುನ್ನ ಅದು ಎರಡು ಸೆಕೆಂಡು ನಡುಗಬೇಕು, ಸಂದಿಯಿಂದ ಚಿನ್ನದ ಬಣ್ಣದ ಬೆಳಕು ಸೋರಬೇಕು ಎಂದು ತೀರ್ಮಾನವಾಗಿತ್ತು. ಆ ಬೆಳಕನ್ನು ಬಿಡಿಸಿದ್ದು ನಾನು. ಒಂದು ದಿನ ಅಕ್ಕನ ಮನೆಗೆ ಹೋಗಿದ್ದಾಗ ಆರು ವರ್ಷದ ಸೋದರ ಸೊಸೆ ಅದೇ ಪೆಟ್ಟಿಗೆಯ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದಳು. ತೆರೆದಾಗ ಒಳಗೆ ಅವಳ ಹತ್ತಿರ ಆಗಲೇ ಇದ್ದ ಟೋಪಿಯೇ ಬಂತು. ಅವಳ ಮುಖ ಬಾಡಿದ್ದನ್ನು ನೋಡಿದ ಮೇಲೆ ನಾನು ಆ ಕೆಲಸದಲ್ಲಿ ಹೆಚ್ಚು ದಿನ ಉಳಿಯಲಿಲ್ಲ.

ಹಾಗೆಂದು ಎಲ್ಲ ಆಟವೂ ಹೀಗಲ್ಲ, ದಯವಿಟ್ಟು ಇದನ್ನು ನಂಬಿ. ನಿಮ್ಮ ಮಗನ ಬಾಗಿಲನ್ನೇ ನೋಡಿ. ಟಾರ್ಚ್ ಇಟ್ಟು ಹೌದನ್ನು ಇಲ್ಲ ಮಾಡಿದನಲ್ಲ, ಕಂಪ್ಯೂಟರ್ ಚಿಪ್‌ಗಳು ನಿಂತಿರುವುದೇ ಹೌದು-ಇಲ್ಲಗಳನ್ನು ಹೀಗೆ ತಿರುಗಿಸುವ, ಜೋಡಿಸುವ ಚಿಕ್ಕ ಚಿಕ್ಕ ದ್ವಾರಗಳ (ಲಾಜಿಕ್ ಗೇಟ್) ಮೇಲೆ. ಎಂಜಿನಿಯರಿಂಗ್ ಸೇರಿದ ಮೇಲೆ ನನಗೆ ಅದನ್ನು ಕಪ್ಪುಹಲಗೆಯ ಮೇಲೆ ಗೆರೆ ಎಳೆದು ಹೇಳಿಕೊಟ್ಟರು. ಅವನು ಹನ್ನೊಂದನೆಯ ವಯಸ್ಸಿಗೆ ತನಗೆ ಬೇಕಾಗಿದ್ದರಿಂದ ಕಂಡುಕೊಂಡಿದ್ದಾನೆ. ಆಟದಲ್ಲಿ ಸೋತವನನ್ನು ಯಾರೂ ಎದ್ದು ನಿಲ್ಲಿಸಿ ಬೈಯುವುದಿಲ್ಲ. ಕಟ್ಟಿದ್ದು ಬಿದ್ದರೆ ಮತ್ತೆ ಕಟ್ಟು, ಅಷ್ಟೇ. ಗಣಿತದ ನೋಟುಬುಕ್ಕಿನಲ್ಲಿ ಒಂದು ಕೆಂಪು ಗೆರೆ ಬಿದ್ದರೆ ಮುದುಡಿಕೊಳ್ಳುವ ಮಗು ಇಲ್ಲಿ ನಲವತ್ತು ಸಲ ತಪ್ಪು ಮಾಡಿ ನಲವತ್ತೊಂದನೆಯ ಸಲಕ್ಕೆ ಕೈಹಾಕುತ್ತದೆ. ಆ ಧೈರ್ಯ ಸುಳ್ಳಲ್ಲ.

ನೀವು ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಆಟವನ್ನು ನೀವೇ ಅರ್ಧ ಗಂಟೆ ಆಡಿ, ಎಲ್ಲಿ ನಿಲ್ಲಿಸಲು ಬಿಡುತ್ತದೆ ಎಂದು ಹುಡುಕಿ. ಒಂದು ಹಂತ ಮುಗಿದಾಗ ಉಸಿರಾಡಲು ಜಾಗ ಕೊಡುತ್ತದೆಯೇ, ಅಥವಾ ಮುಂದಿನದು ತಾನಾಗಿಯೇ ಶುರುವಾಗುತ್ತದೆಯೇ? ನಿಜವಾದ ದುಡ್ಡನ್ನು ಹರಳು, ನಾಣ್ಯ ಎಂದು ಬೇರೆ ಹೆಸರಿಗೆ ಬದಲಿಸುತ್ತದೆಯೇ? ಆ ನಾಣ್ಯಗಳ ಕಟ್ಟು ಯಾವತ್ತೂ ಬೇಕಾದ ವಸ್ತುವಿನ ಬೆಲೆಗೆ ಸರಿಯಾಗಿ ಹೊಂದುವುದಿಲ್ಲ, ಸ್ವಲ್ಪ ಉಳಿಯುತ್ತದೆ. ಉಳಿದದ್ದು ಮುಂದಿನ ಖರೀದಿಗೆ ಕೈಬೀಸಿ ಕರೆಯುತ್ತದೆ. ಆಟ ಯಾವ ವಯಸ್ಸಿಗೆ ತಕ್ಕದ್ದು ಎಂದು ಹೇಳುವ ಯುರೋಪಿನ ಪೆಗಿ ಗುರುತು ನೋಡಿ. 3, 7, 12, 16, 18 ಎಂದು ವಯಸ್ಸು ಹಾಕಿರುತ್ತಾರೆ. 2018ರಿಂದ ಆಟದೊಳಗೆ ಖರೀದಿ ಇದೆಯೇ ಎಂಬ ಗುರುತೂ ಇರುತ್ತದೆ. ಅಮೆರಿಕದ ಇಎಸ್‌ಆರ್‌ಬಿ ಗುರುತಿನಲ್ಲೂ ಹಾಗೆಯೇ. ಎಷ್ಟೋ ಅಪ್ಪ ಅಮ್ಮಂದಿರು ಆ ಚಿಕ್ಕ ಚೌಕವನ್ನು ಒಮ್ಮೆಯೂ ಓದಿರುವುದಿಲ್ಲ.

ಇನ್ನು ಬುಧವಾರದ ವಿಷಯ. ಒಂದು ಪಂದ್ಯ ಸುಮಾರು ಇಪ್ಪತ್ತು ನಿಮಿಷ ನಡೆಯುತ್ತದೆ, ನಡುವೆ ತಡೆದು ನಿಲ್ಲಿಸುವ ಗುಂಡಿ ಇಲ್ಲ. ನೀವು ಪ್ಲಗ್ ಕಿತ್ತಾಗ ಅವನ ಪಾಲಿಗೆ ಗೆಳೆಯರ ಕೈ ಬಿಟ್ಟುಹೋಯಿತು. ಅವನ ದುಃಖ ಗೆಳೆಯರಿಗಾಗಿ, ಸಿಟ್ಟು ಮಾತ್ರ ನಿಮ್ಮ ಮೇಲೆ. ಗಡಿಯಾರವನ್ನು ನೋಡಿ ಕರೆಯುವ ಬದಲು "ಈ ಪಂದ್ಯವೇ ಕೊನೆ" ಎಂದು ಪಂದ್ಯ ಶುರುವಾಗುವ ಮೊದಲೇ ಹೇಳಿ ನೋಡಿ.

ಉತ್ತರ 1ರ ಅಪ್ಪ, ಮತ್ತೆ

ಮೇಲೆ ಬರೆದವರಿಗೆ: ಆ ಚಿನ್ನದ ಬೆಳಕು ನನ್ನ ಮಗಳ ಆಟದಲ್ಲೂ ಇತ್ತು. ಏಳು ದಿನದ ಉಡುಗೊರೆಯೂ ಇತ್ತು. ಎರಡೂವರೆ ಗಂಟೆಗೆ ಅವಳು ಎದ್ದು ಕೂತಿದ್ದು ಅದಕ್ಕೇ ಇರಬೇಕು. ನಾನು ಮೂರು ತಿಂಗಳು ಅವಳನ್ನೇ ಬೈದೆ.

ಉತ್ತರ 3 | ಮಕ್ಕಳ ವೈದ್ಯೆ

ನನ್ನ ಬಳಿ ಬರುವ ಅಪ್ಪ ಅಮ್ಮಂದಿರು ಕೇಳುವ ಮೊದಲ ಪ್ರಶ್ನೆ "ದಿನಕ್ಕೆ ಎಷ್ಟು ಗಂಟೆ ಡಾಕ್ಟ್ರೇ" ಎಂಬುದೇ. ನಾನು ಮೊದಲು ಕೇಳುವುದು "ಎಷ್ಟು ಹೊತ್ತು ಮಲಗುತ್ತಾನೆ" ಎಂದು. ಆರರಿಂದ ಹನ್ನೆರಡು ವರ್ಷದ ಮಗುವಿಗೆ ದಿನಕ್ಕೆ ಒಂಬತ್ತರಿಂದ ಹನ್ನೆರಡು ಗಂಟೆ ನಿದ್ದೆ ಬೇಕು, ಹದಿಹರೆಯದವರಿಗೆ ಎಂಟರಿಂದ ಹತ್ತು. ಆಟದಿಂದ ಆಗುವ ಹಾನಿಯಲ್ಲಿ ನಾನು ಕಣ್ಣಾರೆ ಕಂಡ ದೊಡ್ಡ ಪಾಲು ಆಟ ನುಂಗಿದ ನಿದ್ದೆಯದೇ. ಸಿಡುಕು, ಮರೆವು, ಓದಿನಲ್ಲಿ ಹಿಂದೆ ಬೀಳುವುದು, ಇವೆಲ್ಲ ನಿದ್ದೆಗೆಟ್ಟ ಮಗುವಿನ ಲಕ್ಷಣಗಳು. ಮೇಲಿನ ಅಪ್ಪ ಮಗಳಿಗೆ ಮರಳಿಸಿದ್ದು ಮುಖ್ಯವಾಗಿ ನಿದ್ದೆಯನ್ನು. ಅದಕ್ಕಾಗಿ ಅವರಿಗೆ ನನ್ನ ನಮಸ್ಕಾರ. ಮೊಬೈಲ್ ಮಲಗುವ ಕೋಣೆಯಿಂದ ಹೊರಗಿರಲಿ ಎಂಬ ಒಂದು ಮಾತನ್ನು ನಾನು ಯಾರಿಗೂ ಸಡಿಲಿಸುವುದಿಲ್ಲ.

"ಚಟ" ಎಂಬ ಪದವನ್ನು ಬಳಸುವಾಗ ಎಚ್ಚರ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11 ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಅದರಲ್ಲಿ ಗೇಮಿಂಗ್ ಕಾಯಿಲೆಗೆ ಜಾಗವಿದೆ. ಆದರೆ ಹೆಚ್ಚು ಹೊತ್ತು ಆಡಿದ ಮಾತ್ರಕ್ಕೆ ಆ ಹೆಸರು ಹಚ್ಚಲಾಗದು. ಆಟದ ಮೇಲೆ ಹಿಡಿತ ತಪ್ಪಿರಬೇಕು, ಬದುಕಿನ ಉಳಿದದ್ದೆಲ್ಲ ಆಟದ ಹಿಂದೆ ಸರಿದಿರಬೇಕು, ಕೇಡಾಗುತ್ತಿದ್ದರೂ ಬಿಡಲು ಆಗದಿರಬೇಕು, ಅದರಿಂದ ಮನೆ, ಶಾಲೆ, ಸ್ನೇಹ ಎಲ್ಲಕ್ಕೂ ಏಟು ಬಿದ್ದಿರಬೇಕು. ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಇದು ನಡೆದಿರಬೇಕು. ಆಡುವ ಮಕ್ಕಳಲ್ಲಿ ಬಹುಪಾಲು ಮಂದಿ ಈ ಗೆರೆಯ ಹತ್ತಿರವೂ ಇರುವುದಿಲ್ಲ. ನಿಮ್ಮ ಹುಡುಗ ಮರುದಿನ ತಾನಾಗಿ ಬಂದು ತಪ್ಪೊಪ್ಪಿಕೊಂಡ, ನಿಮ್ಮ ಕೈಹಿಡಿದು ಬಾಗಿಲು ತೋರಿಸಿದ. ಇದು ನನಗೆ ನೆಮ್ಮದಿ ಕೊಡುವ ಸುದ್ದಿ. ಬಣ್ಣದ ಪೆಟ್ಟಿಗೆಯ ಮೇಲಿನ ಧೂಳು ಮಾತ್ರ ನನ್ನನ್ನು ತಡೆದು ನಿಲ್ಲಿಸಿತು. ಬಿಟ್ಟುಹೋದ ಹವ್ಯಾಸಗಳ ಮೇಲೆ ಕಣ್ಣಿಡಿ. ಅವು ಒಂದೊಂದಾಗಿ ಹೋಗುತ್ತಿದ್ದರೆ ಆಗ ತಡ ಮಾಡದೆ ಮಕ್ಕಳ ಮನೋವೈದ್ಯರ ಬಳಿ ಹೋಗಿ.

ಗುಂಡು ಹಾರಿಸುವ ಆಟದ ಬಗ್ಗೆ ನಿಮ್ಮ ಯಜಮಾನರ ಆತಂಕ ಅರ್ಥವಾಗುತ್ತದೆ. 2019ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಬ್ರಿಟನ್ನಿನ ಹದಿನಾಲ್ಕು-ಹದಿನೈದು ವಯಸ್ಸಿನ ಸುಮಾರು 1000 ಮಕ್ಕಳ ಮಾಹಿತಿಯನ್ನು ನೋಡಿದರು. ಆಟ ಎಷ್ಟು ಹಿಂಸಾತ್ಮಕ ಎಂಬುದಕ್ಕೆ ಅಧಿಕೃತ ವಯೋಗುರುತನ್ನು ಹಿಡಿದರು, ಮಗು ಎಷ್ಟು ಜಗಳಗಂಟ ಎಂಬುದಕ್ಕೆ ಮನೆಯ ಹಿರಿಯರನ್ನೂ ಕೇಳಿದರು. ಎರಡಕ್ಕೂ ನಂಟು ಕಾಣಲಿಲ್ಲ. ಅಮೆರಿಕದ ಮನೋವಿಜ್ಞಾನ ಸಂಘ 2020ರಲ್ಲಿ, ಕೂಗಾಟ ತಳ್ಳಾಟದಂಥ ವರ್ತನೆಯ ಜೊತೆ ಸಣ್ಣ ನಂಟಿದೆ, ನಿಜವಾದ ಹಿಂಸಾಚಾರಕ್ಕೆ ಆಟವೇ ಕಾರಣ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದಿತು. ಲಾಭದ ಕಡೆಯೂ ಅಧ್ಯಯನಗಳಿವೆ. 2022ರಲ್ಲಿ ಅಮೆರಿಕದಲ್ಲಿ ಒಂಬತ್ತು-ಹತ್ತು ವರ್ಷದ ಸುಮಾರು 2000 ಮಕ್ಕಳನ್ನು ಹೋಲಿಸಿದಾಗ, ದಿನಕ್ಕೆ ಮೂರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಆಡುವವರು ಆತುರಪಡದೆ ಕೈ ತಡೆದುಕೊಳ್ಳುವ ಮತ್ತು ನೆನಪಿಟ್ಟುಕೊಳ್ಳುವ ಪರೀಕ್ಷೆಗಳಲ್ಲಿ ಆಡದವರಿಗಿಂತ ಮುಂದಿದ್ದರು. ಆಡಿದ್ದರಿಂದ ಚುರುಕಾದರೋ, ಚುರುಕಾದವರೇ ಆಟಕ್ಕೆ ಇಳಿದರೋ ಎಂಬುದನ್ನು ಆ ಅಧ್ಯಯನ ಹೇಳಲಾರದು. ಹಾಗಾಗಿ ಬುದ್ಧಿ ಬೆಳೆಯಲಿ ಎಂದು ಮೂರು ಗಂಟೆ ಆಡಿಸುವುದೂ ಬೇಡ.

ಚೀನಾದ ಮಾತು ಬಂತು. ದಕ್ಷಿಣ ಕೊರಿಯಾ 2011ರಲ್ಲಿ ಹದಿನಾರರೊಳಗಿನವರು ನಡುರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ಆನ್‌ಲೈನ್ ಆಟ ಆಡಬಾರದೆಂದು ಕಾನೂನು ತಂದಿತ್ತು. ಹತ್ತು ವರ್ಷ ನೋಡಿ ಅದನ್ನು ಕೈಬಿಟ್ಟು, ಮನೆಯವರೇ ಮಕ್ಕಳೊಂದಿಗೆ ವೇಳೆ ಗೊತ್ತುಮಾಡಿಕೊಳ್ಳುವ ವ್ಯವಸ್ಥೆಗೆ ಹೋಯಿತು.

ಕಣ್ಣಿನ ಬಗ್ಗೆ ಎರಡೇ ಮಾತು: ಪರದೆ ನೋಡುವಾಗ ಮಕ್ಕಳು ರೆಪ್ಪೆ ಬಡಿಯುವುದೇ ಕಡಿಮೆಯಾಗುತ್ತದೆ, ಕಣ್ಣು ಒಣಗುತ್ತದೆ. ಹೊರಗಿನ ಬೆಳಕಿನಲ್ಲಿ ದಿನವೂ ಆಡುವ ಮಕ್ಕಳಿಗೆ ಸಮೀಪದೃಷ್ಟಿ ದೋಷ ಬರುವುದು ಕಡಿಮೆ. ಮಿಣಮಿಣ ಮಿಂಚುವ ಚಿತ್ರದಿಂದ ಕೆಲವೇ ಕೆಲವು ಮಕ್ಕಳಿಗೆ ಫಿಟ್ಸ್ ಬರಬಹುದು. ಆಡುವಾಗ ಮಗು ಇದ್ದಕ್ಕಿದ್ದಂತೆ ಶೂನ್ಯದತ್ತ ನೋಡುತ್ತ ನಿಂತರೆ ಅಥವಾ ಕೈಕಾಲು ಸೆಳೆದರೆ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಉತ್ತರ 4 | ಆಡುತ್ತಲೇ ಬೆಳೆದವನು

ಅಕ್ಕ, ನನಗೀಗ ಇಪ್ಪತ್ತೆರಡು. ನಿಮ್ಮ ಮಗನ ಜಾಗದಲ್ಲಿ ಕೂತು ಬರೆಯುತ್ತಿದ್ದೇನೆ.

ನನಗೆ ಹನ್ನೆರಡಾಗಿದ್ದಾಗ ಅಪ್ಪನಿಗೆ ವರ್ಗವಾಗಿ ಶಾಲೆ ಬದಲಾಯಿತು. ಹೊಸ ಶಾಲೆಯಲ್ಲಿ ಮೊದಲ ನಾಲ್ಕು ತಿಂಗಳು ಬಿಡುವಿನ ವೇಳೆಯಲ್ಲಿ ನಾನು ನೀರಿನ ನಲ್ಲಿಯ ಹತ್ತಿರ ನಿಂತಿರುತ್ತಿದ್ದೆ, ಅಲ್ಲಿ ನಿಂತರೆ ಒಬ್ಬನೇ ಇದ್ದೇನೆಂದು ಯಾರಿಗೂ ಅನ್ನಿಸುವುದಿಲ್ಲ ಎಂದು. ನನಗೆ ಉಗ್ಗು ಬೇರೆ ಇತ್ತು. ಸಂಜೆ ಆಟಕ್ಕೆ ಕೂತರೆ ಹಳೆಯ ಶಾಲೆಯ ಇಬ್ಬರು ಗೆಳೆಯರ ಧ್ವನಿ ಹೆಡ್‌ಸೆಟ್‌ನಲ್ಲಿ ಬರುತ್ತಿತ್ತು. "ಎಡಗಡೆ ಬಾ", "ನನ್ನ ಹಿಂದೆ ಇರು" ಎಂದು ಕೂಗುವಾಗ ನಾನು ಉಗ್ಗುತ್ತಿರಲಿಲ್ಲ. ಆ ವರ್ಷ ಆಟವನ್ನು ಯಾರಾದರೂ ಕಿತ್ತುಕೊಂಡಿದ್ದರೆ ನನಗೆ ಮಾತನಾಡಲು ಯಾರೂ ಉಳಿಯುತ್ತಿರಲಿಲ್ಲ.

ಅದೇ ಹೆಡ್‌ಸೆಟ್‌ನಲ್ಲಿ ಇನ್ನೊಂದು ಧ್ವನಿಯೂ ಬಂತು. ತನಗೆ ಹದಿಮೂರು ಎಂದ. ಚೆನ್ನಾಗಿ ಆಡುತ್ತೀಯ ಎಂದು ಹೊಗಳಿದ, ನಾನು ಆಸೆಪಟ್ಟಿದ್ದ ಒಂದು ಉಡುಪನ್ನು ಆಟದಲ್ಲಿ ಉಡುಗೊರೆ ಕೊಟ್ಟ. ಎರಡು ವಾರದ ಮೇಲೆ ಇಲ್ಲಿ ಬೇಡ, ಬೇರೆ ಆ್ಯಪ್‌ನಲ್ಲಿ ಮಾತಾಡೋಣ ಎಂದ. ಆಮೇಲೆ ಫೋಟೊ ಕೇಳಿದ. ಅಮ್ಮನಿಗೆ ಹೇಳಬೇಡ ಎಂದೂ ಹೇಳಿದ. ಆ ಕೊನೆಯ ಮಾತು ಕೇಳಿ ಹೊಟ್ಟೆಯೊಳಗೆ ಏನೋ ತಣ್ಣಗಾಯಿತು.

ನಾನು ಅಮ್ಮನಿಗೆ ಹೇಳಿದೆ. ಹೇಳಲು ಆದದ್ದು ಏಕೆಂದರೆ ಅಮ್ಮ ಭಾನುವಾರಗಳಂದು ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಆಟದ ಹೆಸರು, ನನ್ನ ತಂಡದವರ ಹೆಸರು ಅವಳಿಗೆ ಗೊತ್ತಿತ್ತು. ಹೇಳಿದರೆ ಆಟವೇ ಹೋಗುತ್ತದೆ ಎಂಬ ಭಯ ನನಗಿರಲಿಲ್ಲ. ಅವಳು ಕೂಗಾಡಲಿಲ್ಲ. ಸಂದೇಶಗಳ ಚಿತ್ರ ತೆಗೆದಿಟ್ಟುಕೊಂಡಳು, ಅವನ ಮೇಲೆ ದೂರು ಕೊಟ್ಟು ತಡೆಹಾಕಿದಳು, ಅಪರಿಚಿತರ ಜೊತೆ ಮಾತು ಬರದಂತೆ ಧ್ವನಿಯ ಸೆಟ್ಟಿಂಗ್ ಅನ್ನು ಗೆಳೆಯರಿಗೆ ಮಾತ್ರ ಎಂದು ಬದಲಿಸಿದಳು. ಆ ಸೆಟ್ಟಿಂಗ್ ಅನ್ನು ಇಂದೇ ನೋಡಿ ಅಕ್ಕ. ಮಗನಿಗೆ ಒಂದು ಮಾತು ಕೊಡಿ: "ಆಟದಲ್ಲಿ ಏನೇ ನಡೆದರೂ ನನಗೆ ಹೇಳು, ಹೇಳಿದ್ದಕ್ಕಾಗಿ ಆಟವನ್ನು ಕಿತ್ತುಕೊಳ್ಳುವುದಿಲ್ಲ." ಕೊಟ್ಟರೆ ಉಳಿಸಿಕೊಳ್ಳಲೇಬೇಕು.

ಮೂರು ವಾರದ ನಂತರ | ಹನ್ನೊಂದರ ಹುಡುಗನ ಅಮ್ಮ

ಎಲ್ಲರಿಗೂ ಉತ್ತರಿಸಲು ತಡವಾಯಿತು. ಓದಿ ಓದಿ ಯೋಚಿಸುತ್ತಿದ್ದೆ, ಸ್ವಲ್ಪ ಮಾಡಿಯೂ ನೋಡಿದೆ.

ಮೊದಲು ಧ್ವನಿಯ ಸೆಟ್ಟಿಂಗ್ ನೋಡಿದೆ. ಎಲ್ಲರಿಗೂ ತೆರೆದೇ ಇತ್ತು. ಎದೆ ಧಸಕ್ಕೆಂದಿತು. ಮಗನೊಂದಿಗೆ ಕೂತು ಬದಲಿಸಿದೆ, ಆ ಮಾತನ್ನೂ ಕೊಟ್ಟೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ತಂಡದಲ್ಲಿ ಒಮ್ಮೊಮ್ಮೆ ಸೇರುವ ದೊಡ್ಡ ಹುಡುಗನೊಬ್ಬ ಕೆಟ್ಟ ಮಾತು ಬಳಸುತ್ತಾನೆ ಎಂದ. ಎಷ್ಟು ದಿನದಿಂದ ಎಂದರೆ ನಾಲ್ಕು ತಿಂಗಳಿಂದ ಎಂದ. ನಾಲ್ಕು ತಿಂಗಳು ನಾನು ಪಕ್ಕದ ಕೋಣೆಯಲ್ಲಿಯೇ ಇದ್ದೆ.

ಆ ದ್ವೀಪದ ಆಟವನ್ನು ನಾನೂ ಆಡಿದೆ. ಮೂರು ಪಂದ್ಯಗಳಲ್ಲಿ ಇಳಿದ ಒಂದು ನಿಮಿಷಕ್ಕೇ ಸತ್ತೆ. ಸತ್ತ ತಕ್ಷಣ ಮುಂದಿನ ಪಂದ್ಯದ ಗುಂಡಿ ದೊಡ್ಡದಾಗಿ ಹೊಳೆಯುತ್ತ ಎದುರಿಗೆ ಬಂತು. ಹೊರಹೋಗುವ ಗುಂಡಿಯನ್ನು ಹುಡುಕಿದೆ, ಅದು ಮೂಲೆಯಲ್ಲಿ ಚಿಕ್ಕದಾಗಿತ್ತು. ನನ್ನ ಬೆರಳೇ ದೊಡ್ಡದರ ಕಡೆಗೆ ಹೋಯಿತು. ಇಷ್ಟು ವಯಸ್ಸಾದ ನನಗೇ ಹೀಗಾದರೆ ಅವನ ಪಾಡೇನು ಎಂದು ಆ ಕ್ಷಣ ಅರಿವಾಯಿತು. ಅದರ ಗುರುತನ್ನೂ ಓದಿದೆ, 12 ಎಂದಿದೆ. ಹನ್ನೆರಡು ತುಂಬಲು ಇನ್ನೂ ಏಳು ತಿಂಗಳಿದೆ. ಯಜಮಾನರ ಜೊತೆ ಎರಡು ರಾತ್ರಿ ಚರ್ಚೆಯಾಯಿತು. ಶುಕ್ರವಾರ ಮತ್ತು ಶನಿವಾರ ಎರಡೆರಡು ಪಂದ್ಯ, ತರಗತಿಯ ಆ ಮೂವರ ಜೊತೆ ಮಾತ್ರ, ನಾನೋ ಅವರೋ ಒಬ್ಬರು ಅದೇ ಕೋಣೆಯಲ್ಲಿರಬೇಕು ಎಂದು ಒಪ್ಪಂದವಾಗಿದೆ. ಪೂರ್ತಿ ಸರಿಯೋ ತಪ್ಪೋ ಗೊತ್ತಿಲ್ಲ. ಅವರ ಅಮ್ಮಂದಿರಿಗೂ ಫೋನ್ ಮಾಡಿದೆ. ಇಬ್ಬರು ಒಪ್ಪಿದರು, ಒಬ್ಬರು ನಮ್ಮ ಮನೆಯ ವಿಷಯ ನಮಗಿರಲಿ ಎಂದರು.

ಪಂದ್ಯ ಶುರುವಾಗುವ ಮೊದಲೇ "ಇದು ಕೊನೆಯದು" ಎಂದು ಹೇಳುವುದು ಕೆಲಸ ಮಾಡುತ್ತಿದೆ. ಮೊದಲ ಶನಿವಾರ ಮಾಡಲಿಲ್ಲ. ಮೂರನೆಯ ಪಂದ್ಯಕ್ಕೆ ಬೇಡಿದ, ಅತ್ತ, ಬಾಗಿಲು ಬಡಿದ. ನಾನು ಪ್ಲಗ್ ಮುಟ್ಟಲಿಲ್ಲ, ಬಾಗಿಲ ಹೊರಗೆ ಕೂತಿದ್ದೆ. ಹತ್ತು ನಿಮಿಷಕ್ಕೆ ತಾನೇ ಬಂದ. ಎಲ್ಲರ ಮೊಬೈಲುಗಳೂ ಈಗ ರಾತ್ರಿ ಹಜಾರದಲ್ಲಿ ಚಾರ್ಜ್ ಆಗುತ್ತವೆ, ನಮ್ಮಿಬ್ಬರದೂ ಸೇರಿ. ಯಜಮಾನರಿಗೆ ಇದು ಮಗನಿಗಿಂತ ಕಷ್ಟವಾಯಿತು. ಬೆಳಿಗ್ಗೆ ಎಬ್ಬಿಸುವ ಯುದ್ಧ ಅರ್ಧಕ್ಕೆ ಇಳಿದಿದೆ. ಬಣ್ಣದ ಪೆಟ್ಟಿಗೆಯನ್ನು ಅವನಿನ್ನೂ ತೆರೆದಿಲ್ಲ. ಡಾಕ್ಟ್ರೇ, ಅದರ ಮೇಲೆ ಕಣ್ಣಿಟ್ಟಿದ್ದೇನೆ.

ಮೈನ್‌ಕ್ರಾಫ್ಟ್‌ನ ಬಾಗಿಲಿನ ಸುದ್ದಿ ಹೇಳಲೇಬೇಕು. ನಾನು ಪದೇಪದೇ ಗೋಡೆಗೆ ಬಡಿಯುವುದನ್ನು ನೋಡಿ ಅವನು ಗೆರೆಯಲ್ಲಿ ಎರಡು ರಿಪೀಟರ್ ಇಟ್ಟ. ಅವು ಕರೆಂಟನ್ನು ಸ್ವಲ್ಪ ತಡಮಾಡಿ ದಾಟಿಸುತ್ತವಂತೆ. ಮುಚ್ಚುವುದು ತಡವಾಯಿತು, ಆದರೆ ತೆರೆಯುವುದೂ ಅಷ್ಟೇ ತಡವಾಯಿತು. ಕಿತ್ತ. ಮತ್ತೆ ಇಟ್ಟ. ಮತ್ತೆ ಕಿತ್ತ. ಎರಡು ಸಂಜೆ ಹೀಗೇ ಹೋಯಿತು. ಮೂರನೆಯ ಸಂಜೆ ಹಳೆಯ ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಪೆನ್ಸಿಲ್ಲಿನಿಂದ ಏನೋ ಗೆರೆ ಎಳೆಯುತ್ತ ಕೂತ. ಹಲಗೆಯಿಂದ ಒಂದು ಗೆರೆ ನೇರವಾಗಿ ಟಾರ್ಚಿಗೆ, ಇನ್ನೊಂದು ಗೆರೆ ಎರಡು ರಿಪೀಟರ್ ದಾಟಿ ಸುತ್ತಿಬಳಸಿ ಅದೇ ಟಾರ್ಚಿಗೆ. ನೇರದ ಗೆರೆ ಬಾಗಿಲನ್ನು ತಕ್ಷಣ ತೆರೆಯುತ್ತದೆ. ಸುತ್ತಿ ಬರುವ ಗೆರೆ ಕಾಲು ತೆಗೆದ ಮೇಲೂ ಸ್ವಲ್ಪ ಹೊತ್ತು ಅದನ್ನು ತೆರೆದೇ ಹಿಡಿದಿರುತ್ತದೆ.

"ಈಗ ಮೆಲ್ಲಗೆ ಬಾ ಅಮ್ಮಾ, ಓಡಬೇಡ" ಎಂದ. ಹಲಗೆ ಮೆಟ್ಟಿದೆ, ಕಲ್ಲುಗಳು ಸರಿದವು, ಒಳಗೆ ಹೋದೆ.